ಮಾವನಲ್ಲಕ್ಕೆ ಬಾರದ ಆನೆ

ಸರ್ವಮಂಗಳ ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದಾಗ ಗಂಧದ ಮರ ಇರಲಿಲ್ಲ. ಮರ ಇದ್ದ ಕಡೆ ಬರೀ ಆಕಾಶ. ಕೆಳಗೆ ಮೊಣಕಾಲೆತ್ತರದ ಬುಡ. ಬುಡದ ಪಕ್ಕ ಕಾವಲುಗಾರ ನಾಗ ಬೋರಲಾಗಿ ಸತ್ತು ಬಿದ್ದಿದ್ದ. ಕೈಯಲ್ಲಿ ತಗಡಿನ ಡಬ್ಬ ಹಾಗೇ ಇತ್ತು.

ಮೊದಲು ಓಡಿಬಂದವರು ಆನೆ ತುಳಿದಿದೆ ಎಂದರು. ಹಾಗೆ ಹೇಳಲು ಕಾರಣವಿತ್ತು. ಹಿಂದಿನ ಸಂಜೆ ಮಾವನಲ್ಲ ಊರಿನ ಎಲ್ಲರ ಫೋನಿಗೂ ಆನೆಯ ಎಚ್ಚರಿಕೆ ಬಂದಿತ್ತು. ಕೂಡುರಸ್ತೆಯ ಕಂಬದ ಮೇಲೆ ಕೆಂಪು ದೀಪ ಮಿನುಗಿತ್ತು.

ಮಸಿನಗುಡಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಇಂದ್ರಾಣಿ ಬುಡದ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು. ಕೊಯ್ದ ಮುಖ ನುಣುಪಾಗಿತ್ತು. ನಾಗನ ತಲೆಯ ಹಿಂದೆ ಒಂದೇ ಪೆಟ್ಟು. ಸುತ್ತ ಎಲ್ಲೂ ಆನೆಯ ಹೆಜ್ಜೆ ಇಲ್ಲ. ಲದ್ದಿ ಇಲ್ಲ. ಮುರಿದ ಬಾಳೆ ಇಲ್ಲ.

"ಈ ಆನೆ ಗರಗಸ ಹಿಡ್ಕೊಂಡು ಬಂದಿತ್ತಾ ಮೇಡಂ?" ಎಂದ ಕಾನ್‌ಸ್ಟೆಬಲ್ ಮಣಿಕಂಡನ್.

ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿರಲಿಲ್ಲ.

ಹೊಲದ ಯಜಮಾನ, ಸರ್ವಮಂಗಳಳ ಗಂಡ ಗುರುಮಲ್ಲಪ್ಪ ಗುಂಡ್ಲುಪೇಟೆ ಕಡೆಯವರು. ಇಲ್ಲಿಗೆ ಬಂದು ಬಾಳೆ, ತರಕಾರಿ ಬೆಳೆದು, ರಸ್ತೆ ಬದಿ ಅಂಗಡಿ ಇಟ್ಟವರು. ಮರ ತಾವು ಬರುವ ಮೊದಲೇ ಇತ್ತು ಎಂದರು. "ನಾಗನ್ನ ಅದ್ಕೇ ಅಂತಲೇ ಮಡಗಿದ್ದೆ ಕನವ್ವ. ಮನುಷ್ಯರ ಮ್ಯಾಲೆ ನಂಬ್ಕೆ ಇರ್ನಿಲ್ಲ ನಂಗೆ."

"ಗರಗಸದ ಸದ್ದು ಕೇಳಲಿಲ್ಲವಾ?"

ಅವರು ಹೆಂಡತಿಯ ಮುಖ ನೋಡಿದರು. ಆನೆ ಬಂದರೆ ಮಾವನಲ್ಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗಿನಿಂದಲೇ ತಗಡು ಬಡಿಯುತ್ತಾರೆ. ಕಿಟಕಿಯಿಂದ ಪಟಾಕಿ ಎಸೆಯುತ್ತಾರೆ. ಆ ಗದ್ದಲದಲ್ಲಿ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಗರಗಸ ಹಿಡಿದವರಿಗೆ ಊರೇ ಮರೆ ಕಟ್ಟಿಕೊಟ್ಟಿತ್ತು.

ನಾಗನ ಹೆಂಡತಿ ಪಂಕಜಂ ಬುಡದಿಂದ ದೂರ, ಬೇಲಿಯ ಕಲ್ಲಿನ ಮೇಲೆ ಕುಳಿತಿದ್ದಳು. ಅವಳ ಗುಡಿಸಲು ಹೊಲದ ಅಂಚಿನಲ್ಲೇ. ಗದ್ದಲದ ನಡುವೆ ಗಂಡನ ದನಿ ಒಮ್ಮೆ ಕೇಳಿಸಿತಂತೆ. ಬೇಡಪ್ಪ, ಹೋಗಪ್ಪ ಎನ್ನುತ್ತಿದ್ದನಂತೆ.

"ಆನೆಗೆ ಅವ್ನು ಅಂಗೇ ಹೇಳ್ತಿದ್ದುದು" ಎಂದಳು. "ಆನೆ ಕೂಡೆ ಮಾತಾಡ್ತಾ ಅವ್ನೆ ಅಂದ್ಕಂಡೆ. ಒಳಗೇ ಇದ್ದೆ."

ಇಂದ್ರಾಣಿ ಎದ್ದು ಆನೆ ಜಾಡು ನೋಡುವ ಮಾದನ್‌ನನ್ನು ಕರೆಸಿದಳು. ಕಾಡಿನಲ್ಲಿ ತಿರುಗಿ ಆನೆ ಎಲ್ಲಿದೆ ಎಂದು ಎಚ್ಚರಿಕೆ ಕೇಂದ್ರಕ್ಕೆ ಫೋನ್ ಮಾಡುವುದು ಅವನ ಕೆಲಸ. ನಿನ್ನೆ ಹಿಂಡು ಇಡೀ ದಿನ ಮೋಯಾರ್ ಕಣಿವೆಯ ಕಡೆ ಇತ್ತು ಎಂದ. ಮಾವನಲ್ಲಕ್ಕೆ ಆನೆ ಬರಲೇ ಇಲ್ಲ. ತಾನು ಫೋನ್ ಮಾಡಲೂ ಇಲ್ಲ.

"ಮತ್ತೆ ಎಚ್ಚರಿಕೆ ಕಳಿಸಿದ್ದು ಯಾರು?"

ಸರ್ವಮಂಗಳ ಸೆರಗು ಸಿಕ್ಕಿಸಿಕೊಂಡಳು. "ಇನ್ಯಾರು, ಆ ಸುನೀತಾ. ಗಂಡ ಹೋದ್ಮ್ಯಾಲೆ ಅವ್ಳ ತಲೆ ನಿಂತಿಲ್ಲ ಕನವ್ವ. ಅಂತವ್ಳ ಕೈಗೆ ಊರಿನ ಜೀವ ಕೊಟ್ಟು ಕೂತವ್ರೆ."

*

ಎಚ್ಚರಿಕೆ ಕೇಂದ್ರ ಎಂದರೆ ಒಂದು ಕೋಣೆ. ಒಂದು ಕಂಪ್ಯೂಟರ್, ಒಂದು ಫೋನ್, ಒಂದು ಕಿಟಕಿ. ನಡೆಸುವುದು ಒಂದು ಸಣ್ಣ ಸಂಸ್ಥೆ. ಕಂಪ್ಯೂಟರಿನ ವ್ಯವಸ್ಥೆ ಕಟ್ಟಿದವನು ಸುನೀತಾಳ ಗಂಡ ಮನು. ಕಳೆದ ಮಳೆಗಾಲದಲ್ಲಿ ಕಲ್ಲಟ್ಟಿ ಘಾಟಿಯ ತಿರುವಿನಲ್ಲಿ ಅವನ ಬೈಕು ಕೆಳಗೆ ಹೋಯಿತು. ಆಮೇಲೆ ಅವನ ಕುರ್ಚಿಯಲ್ಲಿ ಸುನೀತಾ ಕುಳಿತಳು.

ಅವಳು ಎದ್ದು ನಿಂತು ಇಂದ್ರಾಣಿಗೆ ಅದೇ ಕುರ್ಚಿ ಕೊಟ್ಟಳು. ಮೈಸೂರಿನಲ್ಲಿ ಎಂ.ಎ. ಓದಿದ ಹುಡುಗಿ. ಕೇಳಿದ್ದಕ್ಕಷ್ಟೇ ಉತ್ತರ.

"ನಿನ್ನೆ ಸಂಜೆ ಏನಾಯಿತು?"

ದಿನದ ಕೊನೆಗೆ ವರದಿ ಮುಚ್ಚುವ ಕೀಲಿ ಒತ್ತಿದೆ ಎಂದಳು. ಪರದೆಯ ಮೇಲೆ, ಮಾವನಲ್ಲಕ್ಕೆ ಎಚ್ಚರಿಕೆ ಹೋಗಿದೆ ಎಂದು ಬಂತು.

"ನೀವು ಕಳಿಸಿದಿರಾ?"

"ಇಲ್ಲಿಂದ ಹೋಗಿದೆ. ನಾನೊಬ್ಬಳೇ ಇದ್ದೆ."

"ನೀವು ಕಳಿಸಿದಿರಾ ಅಂತ ಕೇಳಿದೆ."

ಸುನೀತಾ ತನ್ನ ಕೈ ನೋಡಿಕೊಂಡಳು. "ಗೊತ್ತಿಲ್ಲ. ಮಾದನ್ ಫೋನ್ ಮಾಡಿರಬೇಕು, ನಾನು ಮರೆತಿರಬೇಕು ಅಂದುಕೊಂಡೆ. ಈಗೀಗ ಹಾಗೇ ಆಗುತ್ತೆ. ಒಲೆ ಹಚ್ಚಿರ್ತೀನಿ, ಹಚ್ಚಿದ್ದು ನೆನಪಿರಲ್ಲ. ಅದಕ್ಕೇ ಎಚ್ಚರಿಕೆ ವಾಪಸ್ ತೆಗೀಲಿಲ್ಲ."

ಮಣಿಕಂಡನ್ ಬಾಗಿಲಲ್ಲಿ ಕೆಮ್ಮಿದ. ಇದನ್ನು ತಪ್ಪೊಪ್ಪಿಗೆ ಎನ್ನಬಹುದು. ಏನೂ ಅಲ್ಲ ಎಂದೂ ಅನ್ನಬಹುದು.

ಇಂದ್ರಾಣಿ ಯಂತ್ರ ತೋರಿಸಲು ಹೇಳಿದಳು. ಪರದೆಯ ಮೇಲೆ ಇದ್ದದ್ದು ಬರೆಯಲು ಬಳಸುವ ಹಳೆಯ ಎಡಿಟರ್. ದುಡ್ಡು ಕೊಡಬೇಕಿಲ್ಲ. ಅದರ ಗುಣ ಒಂದೇ: ಯಾವ ಕೀಲಿ ಒತ್ತಿದರೆ ಏನಾಗಬೇಕು ಎಂಬುದನ್ನು ನಾವೇ ಅದಕ್ಕೆ ಹೇಳಿಕೊಡಬಹುದು. ಮನು ಹೇಳಿಕೊಟ್ಟಿದ್ದ. ಕಂಟ್ರೋಲ್ ಕೀಲಿ ಹಿಡಿದು ಅಂಕಿ ಒಂದು ಒತ್ತಿದರೆ ಮಾವನಲ್ಲ. ಎರಡು ಒತ್ತಿದರೆ ಮೋಯಾರ್. ಮೂರು ಒತ್ತಿದರೆ ಮಸಿನಗುಡಿ. ಆ ಊರಿನ ಫೋನ್‌ಗಳಿಗೆಲ್ಲ ಸಂದೇಶ ಹೋಗುತ್ತದೆ, ದೀಪ ಹತ್ತುತ್ತದೆ. ಖಚಿತವೇ ಎಂದು ಎಡಿಟರ್ ಮತ್ತೆ ಕೇಳುವುದಿಲ್ಲ. ಆನೆಯ ಮುಂದೆ ಅಷ್ಟು ಹೊತ್ತು ಇರುವುದಿಲ್ಲ ಎಂದು ಮನು ಹಾಗೆ ಮಾಡಿದ್ದ. ಮೇಲಿನ ಸಾಲಿನ ಬಲತುದಿಯ ಕೀಲಿ ದಿನದ ವರದಿ ಮುಚ್ಚುತ್ತದೆ.

ಎರಡು ಕೀಲಿಗಳ ನಡುವೆ ಅರ್ಧ ಕೀಲಿಮಣೆಯ ದೂರ. ಒಂದಕ್ಕೆ ಎರಡು ಕೈ ಬೇಕು, ಇನ್ನೊಂದಕ್ಕೆ ಒಂದು ಬೆರಳು.

"ಬಲತುದಿಯದನ್ನು ಒತ್ತಿ."

ಸುನೀತಾ ಒತ್ತಿದಳು. ವರದಿ ಮುಚ್ಚಿತು. ಬೇರೇನೂ ಆಗಲಿಲ್ಲ.

"ಇನ್ನೊಮ್ಮೆ."

ಅದೇ ಆಯಿತು. ಕೂಡುರಸ್ತೆಯ ದೀಪ ಸುಮ್ಮನಿತ್ತು. ಯಂತ್ರ ಸರಿಯಾಗಿತ್ತು. ಹಾಗಾದರೆ ತಪ್ಪು ಮಾಡಿದ್ದು ಕೈ.

"ಈ ಕೀಲಿಗಳ ವಿಷಯ ಇನ್ನಾರಿಗೆ ಗೊತ್ತು?"

"ಮನುಗೆ ಗೊತ್ತಿತ್ತು."

ಸಂಸ್ಥೆಯ ಮೇಲ್ವಿಚಾರಕ ಪ್ರವೀಣ್‌ಕುಮಾರ್ ಅಷ್ಟರಲ್ಲಿ ಜೀಪಿನಿಂದ ಇಳಿದು ಬಂದ. ದೀಪಗಳ ಬ್ಯಾಟರಿ ಬದಲಿಸುವುದು, ಸಂಬಳ ಹಂಚುವುದು ಅವನ ಕೆಲಸ. ಕಣ್ಣು ಕೆಂಪಾಗಿತ್ತು. ನಿನ್ನೆ ಸಂಜೆ ಮಸಿನಗುಡಿಯಲ್ಲಿ ಅರಣ್ಯ ಅಧಿಕಾರಿಗಳ ಸಭೆಯಲ್ಲಿದ್ದೆ ಎಂದ. ಇಪ್ಪತ್ತು ಜನ ನೋಡಿದ್ದಾರೆ.

"ಈ ಎಡಿಟರ್ ನಿಮಗೆ ಬರುತ್ತಾ?"

"ನನಗಾ? ಒಂದಕ್ಷರ ತಿಳಿಯಲ್ಲ ಮೇಡಂ. ಎಲ್ಲ ಮನು ಮಾಡಿದ್ದು. ಈಗ ಸುನೀತಾ ಒಬ್ಬಳಿಗೇ ಗೊತ್ತು." ಅವಳ ಕಡೆ ತಿರುಗಿ ಮೆಲ್ಲಗೆ ಹೇಳಿದ: "ನೀನು ಬೇಕು ಅಂತ ಮಾಡಿಲ್ಲಮ್ಮ. ಅದನ್ನ ನಾನು ಎಲ್ಲಿ ಬೇಕಾದರೂ ಹೇಳ್ತೀನಿ."

ಸುನೀತಾ ತಲೆಯಾಡಿಸಿದಳು. ಕೃತಜ್ಞತೆಯೋ ಒಪ್ಪಿಗೆಯೋ ತಿಳಿಯಲಿಲ್ಲ.

*

ಉದಕಮಂಡಲದಿಂದ ಮೇಲಧಿಕಾರಿಯ ಫೋನ್ ಬಂತು. ಎಚ್ಚರಿಕೆ ಕಳಿಸಿದವಳು ಕೊಲೆಗಾರರಿಗೆ ಸಹಾಯ ಮಾಡಿದವಳೇ ಎಂದರು ಅವರು. ನಾಳೆ ಬೆಳಿಗ್ಗೆ ಅವಳನ್ನು ಕರೆತನ್ನಿ. ಬೇರೆ ಉತ್ತರ ಇದ್ದರೆ ಅಷ್ಟರೊಳಗೆ ಹೇಳಿ.

ಇಂದ್ರಾಣಿ ಬಳಿ ಬೇರೆ ಉತ್ತರ ಇರಲಿಲ್ಲ. ಒಂದು ಟೈರಿನ ಗುರುತು ಇತ್ತು.

ಗುರುಮಲ್ಲಪ್ಪನ ಹೊಲದ ಹಿಂದಿನ ಮಣ್ಣುದಾರಿಯಲ್ಲಿ ದಪ್ಪ ಟೈರು ಹೋಗಿತ್ತು. ಅಂಥ ಟೈರು ಊರಲ್ಲಿ ಒಂದೇ ಜೀಪಿಗೆ. ಅದು ಮೇಲಿನ ರೆಸಾರ್ಟಿನದು. ಅದರ ಮ್ಯಾನೇಜರ್ ಸೆಂಥಿಲ್ ಹೋದ ವಾರ ಕೇಂದ್ರಕ್ಕೆ ಬಂದು ಕೂಗಾಡಿದ್ದ. ದೀಪ ಹತ್ತಿದ ದಿನ ತನ್ನ ಅತಿಥಿಗಳು ಹೆದರಿ ಗಂಟುಮೂಟೆ ಕಟ್ಟುತ್ತಾರೆ, ಆ ದೀಪವನ್ನೇ ಒಡೆದು ಹಾಕುತ್ತೇನೆ ಎಂದಿದ್ದ.

"ನಿನ್ನೆ ಸಂಜೆ ಜೀಪು ಎಲ್ಲಿತ್ತು?"

ಸೆಂಥಿಲ್ ಟೈ ಸಡಿಲಿಸಿದ. ಜೀಪು ಶೆಡ್ಡಿನಲ್ಲೇ ಇತ್ತು ಎಂದ. ಮಣಿಕಂಡನ್ ಟೈರಿನ ಕೆಮ್ಮಣ್ಣು ತೋರಿಸಿದ. ಆಗ ಸೆಂಥಿಲ್, ಜೀಪು ಸ್ವಲ್ಪ ಹೊರಗೆ ಹೋಗಿತ್ತು ಎಂದ.

"ಹೇಳಿದ್ರೆ ರೆಸಾರ್ಟಿನ ಲೈಸೆನ್ಸ್ ಹೋಗುತ್ತೆ ಮೇಡಂ."

"ಒಬ್ಬ ಸತ್ತಿದ್ದಾನೆ."

"ಎಚ್ಚರಿಕೆ ಬಂತಲ್ಲ, ಗೆಸ್ಟ್‌ಗಳನ್ನ ಆನೆ ತೋರಿಸೋಕೆ ಕರ್ಕೊಂಡು ಹೋದೆ. ದೀಪ ಹತ್ತಿದ ಕಡೆ ಆನೆ ಗ್ಯಾರಂಟಿ ಅಂತ ಹೇಳಿದ್ದೆ. ಬಾಲ ಕೂಡ ಕಾಣಲಿಲ್ಲ. ದುಡ್ಡು ವಾಪಸ್ ಕೇಳಿದ್ರು. ಆನೆ ಬಂದಿಲ್ಲ ಅಂತ ಊರಲ್ಲಿ ಮೊದಲು ಗೊತ್ತಾಗಿದ್ದೇ ನನಗೆ."

ಅತಿಥಿಗಳನ್ನು ಕೇಳಿದರು. ಅವರು ಇನ್ನೂ ಸಿಟ್ಟಿನಲ್ಲಿದ್ದರು. ಅದೇ ಕಥೆ ಹೇಳಿದರು, ಇನ್ನಷ್ಟು ಕೆಟ್ಟ ಮಾತಿನಲ್ಲಿ. ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಣ ಮಾಡಿದ್ದರು. ಅದರಲ್ಲಿ ಆನೆ ಇರಲಿಲ್ಲ. ಖಾಲಿ ರಸ್ತೆ ಇತ್ತು, ಮುಚ್ಚಿದ ಬಾಗಿಲುಗಳಿದ್ದವು, ಕೂಡುರಸ್ತೆಯಲ್ಲಿ ಕೆಂಪು ದೀಪ ಹತ್ತಿ ಆರಿ, ಹತ್ತಿ ಆರಿ ಮಿನುಗುತ್ತಿತ್ತು.

ಇಂದ್ರಾಣಿ ಹೊರಗೆ ಬಂದು ಜೀಪು ಹತ್ತಿದಳು. ಇದ್ದ ಒಂದು ದಾರಿಯೂ ಮುಚ್ಚಿತ್ತು.

"ಈಗೇನು ಮೇಡಂ?" ಎಂದ ಮಣಿಕಂಡನ್.

"ಗೊತ್ತಿಲ್ಲ ಕಣೋ."

ಅದೇ ಮಾತನ್ನು ಬೆಳಿಗ್ಗೆ ಸುನೀತಾ ಹೇಳಿದ್ದಳು. ತನ್ನ ಬಾಯಲ್ಲಿ ಅದು ಸುಳ್ಳಿನ ಹಾಗೆ ಕೇಳಲಿಲ್ಲ ಎಂದು ಇಂದ್ರಾಣಿಗೆ ಅನ್ನಿಸಿತು.

*

ಅವರು ಮತ್ತೆ ಕೇಂದ್ರಕ್ಕೆ ಹೋದರು. ಅಂಗಳದಲ್ಲಿ ಜನ ಸೇರಿದ್ದರು. ಯಾರೂ ಕೂಗುತ್ತಿರಲಿಲ್ಲ. ಸುಮ್ಮನೆ ಕಿಟಕಿ ನೋಡುತ್ತಿದ್ದರು. ಒಳಗೆ ಸುನೀತಾ ಎರಡು ಸೀರೆ, ಒಂದು ಶಾಲು ಚೀಲಕ್ಕೆ ಹಾಕಿಟ್ಟಿದ್ದಳು.

"ಯಾವಾಗ ಹೊರಡಬೇಕು?" ಎಂದು ಕೇಳಿದಳು.

ಇಂದ್ರಾಣಿ ಚೀಲವನ್ನು ಮೂಲೆಗೆ ಸರಿಸಿ ಕುಳಿತಳು. "ನಿನ್ನೆ ದಿನವೆಲ್ಲ ಹೇಳಿ. ಮುಖ್ಯ ಅಲ್ಲ ಅನ್ನಿಸಿದ್ದನ್ನೂ ಹೇಳಿ. ಎಚ್ಚರಿಕೆ ಹೋದ ಮೇಲೆ ಏನು ಮಾಡಿದಿರಿ?"

"ಎಡಿಟರ್ ಮುಚ್ಚಿ ಮತ್ತೆ ತೆಗೆದೆ. ಪ್ರವೀಣ್ ಫೋನ್ ಮಾಡಿದ್ದರು. ದೀಪ ಮಿನುಗ್ತಾ ಇಲ್ಲ, ಹತ್ತಿದ್ದು ಹಾಗೇ ನಿಂತಿದೆ ಅಂತ ಊರಿನವರು ಹೇಳಿದರಂತೆ. ಮುಚ್ಚಿ ತೆಗೆದರೆ ಸರಿಹೋಗುತ್ತೆ ಅಂದರು."

ಇಂದ್ರಾಣಿಗೆ ಖಾಲಿ ರಸ್ತೆಯ ಚಿತ್ರ ನೆನಪಾಯಿತು. ದೀಪ ಚೆನ್ನಾಗಿಯೇ ಮಿನುಗುತ್ತಿತ್ತು. ಸೆಂಥಿಲ್ ಬಿಟ್ಟರೆ ಊರಿನಲ್ಲಿ ಯಾರೂ ಹೊರಗೇ ಬಂದಿರಲಿಲ್ಲ. ದೀಪ ನೋಡಿ ದೂರು ಹೇಳಿದವರು ಯಾರು?

"ಎಡಿಟರ್ ಮುಚ್ಚಿ ತೆಗೆದರೆ ಏನಾಗುತ್ತೆ?"

ಸುನೀತಾ ಮೊದಲ ಸಲ ಸ್ವಲ್ಪ ಉದ್ದಕ್ಕೆ ಮಾತಾಡಿದಳು. ಕೀಲಿಗೆ ಕೆಲಸ ಹೇಳಿಕೊಡಲು ಎರಡು ದಾರಿ. ಎಡಿಟರ್ ಶುರುವಾಗುವಾಗ ಓದುವ ಕಡತದಲ್ಲಿ ಬರೆದಿಟ್ಟರೆ ಯಾವಾಗಲೂ ಇರುತ್ತದೆ. ಮನು ಬರೆದದ್ದೆಲ್ಲ ಅಲ್ಲಿದೆ. ಹಾಗಲ್ಲದೆ, ಎಡಿಟರ್ ತೆರೆದಿರುವಾಗಲೇ ಒಂದು ಸಾಲಿನಲ್ಲಿ ಹೇಳಿಕೊಡಬಹುದು. ಅದು ಮುಚ್ಚುವವರೆಗೆ ಮಾತ್ರ. ಮುಚ್ಚಿದರೆ ಅಳಿಸಿಹೋಗುತ್ತದೆ, ಗುರುತೂ ಉಳಿಯುವುದಿಲ್ಲ.

ಹೇಳುತ್ತ ಹೇಳುತ್ತ ಅವಳ ದನಿ ನಿಂತಿತು.

"ಬಲತುದಿಯ ಕೀಲಿಗೆ ಎಚ್ಚರಿಕೆಯ ಕೆಲಸ ಹಾಗೆ ಹೇಳಿಕೊಡಬಹುದಾ?" ಎಂದು ಇಂದ್ರಾಣಿ ಕೇಳಿದಳು.

"ಹೇಳಿಕೊಡಬಹುದು."

"ಆಮೇಲೆ ನೀವು ಸರಿಯಾದ ಕೀಲಿಯನ್ನೇ ಒತ್ತಿದರೂ—"

"ಎಚ್ಚರಿಕೆ ಹೋಗುತ್ತೆ." ಸುನೀತಾ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. "ಆದರೆ ಇಲ್ಲಿ ಯಾರು ಬಂದಿದ್ದರು? ಊಟಕ್ಕೆ ಪಕ್ಕದ ಮನೆಗೆ ಹೋಗಿದ್ದೆ, ಅಷ್ಟೇ. ಬಾಗಿಲಿಗೆ ಬೀಗ ಹಾಕಲ್ಲ, ಮಾದನ್ ಬರಬಹುದು ಅಂತ."

"ಊಟದಿಂದ ಬಂದಾಗ ಏನಾದರೂ ಬೇರೆ ಥರ ಇತ್ತಾ?"

ಅವಳು ಯೋಚಿಸಿದಳು. ಆಮೇಲೆ, ಅದು ತನ್ನದೇ ತಪ್ಪು ಎಂಬಂತೆ ಹೇಳಿದಳು: "ಕೀಲಿಮಣೆಯ ಹಸಿರು ದೀಪ ಹತ್ತಿತ್ತು. ದೊಡ್ಡಕ್ಷರದ ದೀಪ, ಕ್ಯಾಪ್ಸ್ ಲಾಕ್. ನಾನೇ ಒತ್ತಿ ಹೋಗಿರಬೇಕು ಅಂದುಕೊಂಡೆ."

"ಅದು ಯಾರ ಕೈಯಲ್ಲಾದರೂ ಆಗುತ್ತಲ್ಲ?"

"ಇಲ್ಲಿ ಆಗಲ್ಲ." ಅವಳು ಕೀಲಿಮಣೆಯ ಎಡಭಾಗ ತೋರಿಸಿದಳು. ಮನುವಿನ ಕಿರುಬೆರಳು ನೋಯುತ್ತಿತ್ತು. ಕೆಳಮೂಲೆಯ ಕಂಟ್ರೋಲ್ ಕೀಲಿಗೆ ಬೆರಳು ಚಾಚಲು ಆಗುತ್ತಿರಲಿಲ್ಲ. ಅದಕ್ಕೆ ಅವನು ಕೀಲಿಮಣೆಯೊಳಗೇ ಎರಡನ್ನು ಅದಲುಬದಲು ಮಾಡಿದ್ದ. ಕಂಟ್ರೋಲ್‌ನ ಕೆಲಸ ಮೇಲಿನ ದೊಡ್ಡಕ್ಷರದ ಕೀಲಿಗೆ, ದೊಡ್ಡಕ್ಷರದ ಕೆಲಸ ಮೂಲೆಯ ಕೀಲಿಗೆ. "ಮೂಲೆಯ ಕೀಲಿ ನಾನು ಮುಟ್ಟುವುದೇ ಇಲ್ಲ. ಅವನೂ ಮುಟ್ಟುತ್ತಿರಲಿಲ್ಲ. ನೋಡಿ, ಅದರ ಮೇಲೆ ಅಕ್ಷರ ಸವೆದೇ ಇಲ್ಲ."

ಇಂದ್ರಾಣಿ ಬಗ್ಗಿ ನೋಡಿದಳು. ಮೂಲೆಯ ಕೀಲಿ ಹೊಸದರ ಹಾಗಿತ್ತು.

"ಇದನ್ನ ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ನನಗೆ ನನ್ನ ಮೇಲೇ ಅನುಮಾನ ಇತ್ತು" ಎಂದಳು ಸುನೀತಾ.

*

ಮರುದಿನ ಬೆಳಿಗ್ಗೆ ಇಂದ್ರಾಣಿ ನಾಲ್ವರನ್ನು ಕೇಂದ್ರಕ್ಕೆ ಕರೆಸಿದಳು. ಗುರುಮಲ್ಲಪ್ಪ, ಮಾದನ್, ಸೆಂಥಿಲ್, ಪ್ರವೀಣ್‌ಕುಮಾರ್. ಸುನೀತಾ ಕಿಟಕಿಯ ಬಳಿ ನಿಂತಿದ್ದಳು. ಚೀಲ ಅವಳ ಕಾಲ ಬಳಿ ಇತ್ತು.

ಒಂದು ಸಣ್ಣ ಕೆಲಸ ಎಂದಳು ಇಂದ್ರಾಣಿ. ಒಬ್ಬೊಬ್ಬರೇ ಕುಳಿತು ಹೆಸರು ಬರೆದು, ಅದನ್ನು ಉಳಿಸಿ ಏಳಬೇಕು. ಮೌಸ್ ತೆಗೆದಿಟ್ಟಿದ್ದೇನೆ.

ಮಾದನ್ ಕೀಲಿಮಣೆ ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡ. ಗುರುಮಲ್ಲಪ್ಪ ಒಂದು ಬೆರಳಿನಲ್ಲಿ ಅರ್ಧ ಹೆಸರು ಬರೆದು, "ಇದ್ಯಾಕವ್ವ ಈ ವಯಸ್ನಲ್ಲಿ ಪರೀಕ್ಷೆ" ಎಂದು ಎದ್ದರು. ಸೆಂಥಿಲ್ ಸರಸರ ಬರೆದ. ಉಳಿಸಲು, ಎಲ್ಲರೂ ಎಲ್ಲ ಕಡೆ ಮಾಡುವ ಹಾಗೆ, ಮೂಲೆಯ ಕೀಲಿ ಹಿಡಿದು ಎಸ್ ಒತ್ತಿದ. ಹಸಿರು ದೀಪ ಹತ್ತಿತು. ಅವನ ಹೆಸರಿನ ಮುಂದೆ ಒಂದು ದೊಡ್ಡ ಎಸ್ ಬಿತ್ತು. "ನಿಮ್ಮ ಕೀಬೋರ್ಡ್ ಕೆಟ್ಟಿದೆ" ಎಂದ. ಸುನೀತಾ ಬಂದು ದೀಪ ಆರಿಸಿದಳು.

ಪ್ರವೀಣ್‌ಕುಮಾರ್ ಕುಳಿತ. ಹೆಸರು ಬರೆದ. ಎಡಗೈ ಮೂಲೆಗೆ ಹೋಯಿತು. ಒತ್ತಿದ, ಎದ್ದ. ಎರಡು ಕ್ಷಣದ ಕೆಲಸ.

ಹಸಿರು ದೀಪ ಹತ್ತಿತ್ತು. ಅವನ ಹೆಸರಿನ ಮುಂದೆ ಎರಡು ದೊಡ್ಡಕ್ಷರಗಳಿದ್ದವು. ಎಕ್ಸ್, ಎಸ್.

ಇಂದ್ರಾಣಿ ಪರದೆಯನ್ನು ಎಲ್ಲರ ಕಡೆ ತಿರುಗಿಸಿದಳು.

"ಸೆಂಥಿಲ್ ಒಂದೇ ಕೀಲಿ ಒತ್ತಿದರು" ಎಂದಳು ಇಂದ್ರಾಣಿ. "ಬೇರೆ ಎಲ್ಲ ಕಡೆ ಉಳಿಸುವುದು ಹಾಗೇ. ಈ ಎಡಿಟರಿನಲ್ಲಿ ಮಾತ್ರ ಮೊದಲು ಎಕ್ಸ್, ಆಮೇಲೆ ಎಸ್. ಅದು ನನಗೆ ನಿನ್ನೆಯವರೆಗೂ ಗೊತ್ತಿರಲಿಲ್ಲ. ಒಂದಕ್ಷರ ತಿಳಿಯದ ನಿಮಗೆ ಹೇಗೆ ಗೊತ್ತಾಯಿತು?"

ಪ್ರವೀಣ್‌ಕುಮಾರ್ ಪರದೆ ನೋಡಿದ. "ಸುನೀತಾ ಒತ್ತೋದು ನೋಡಿದ್ದೆ."

"ನೋಡಿ ಕಲಿತಿದ್ದರೆ ಅವಳು ಒತ್ತುವ ಕಡೆ ಒತ್ತುತ್ತಿದ್ದಿರಿ. ಅವಳು ಮೂಲೆಯ ಕೀಲಿ ಮುಟ್ಟುವುದಿಲ್ಲ. ನೀವು ಬೇರೆಲ್ಲೋ ಕಲಿತಿದ್ದೀರಿ."

ಆಮೇಲೆ ಅವಳು ಎಲ್ಲರಿಗೂ ಬಿಡಿಸಿ ಹೇಳಿದಳು. ಊಟದ ಹೊತ್ತಿನಲ್ಲಿ ಇಲ್ಲಿ ಬಂದವನು ಕೀಲಿಗೆ ಹೊಸ ಕೆಲಸ ಹೇಳಿಕೊಟ್ಟ. ಅದಕ್ಕೆ ಎಡಿಟರ್ ಚೆನ್ನಾಗಿ ಗೊತ್ತಿರಬೇಕು. ಅವನೇ ಹಸಿರು ದೀಪ ಹತ್ತಿಸಿಟ್ಟು ಹೋದ. ಹಾಗಾದರೆ ಮನು ಮಾಡಿದ ಅದಲುಬದಲು ಅವನಿಗೆ ಗೊತ್ತಿರಲಿಲ್ಲ. ಸುನೀತಾಗೆ ಎರಡೂ ಗೊತ್ತು. ಉಳಿದ ಮೂವರಿಗೆ ಎರಡೂ ಗೊತ್ತಿಲ್ಲ. ಒಂದು ಗೊತ್ತಿದ್ದು ಇನ್ನೊಂದು ಗೊತ್ತಿಲ್ಲದವನು ಈ ಕೋಣೆಯಲ್ಲಿ ಒಬ್ಬನೇ. ಸಂಜೆ ಸುನೀತಾ ಎಂದಿನಂತೆ ವರದಿ ಮುಚ್ಚಿದಳು, ಊರು ಬಾಗಿಲು ಹಾಕಿತು, ಇವನು ಅಧಿಕಾರಿಗಳ ಮುಂದೆ ಕುಳಿತಿದ್ದ. ಮರ ಕೊಯ್ಯುವವರು ಹೊಲದ ಹಿಂದೆ ಕಾಯುತ್ತಿದ್ದರು. ದೀಪ ಮಿನುಗುತ್ತಿಲ್ಲ ಎಂದು ಸುಳ್ಳು ಹೇಳಿ, ಗುರುತನ್ನೂ ಅವಳ ಕೈಯಿಂದಲೇ ಅಳಿಸಿದ.

"ಅವಳು ತನ್ನ ಕೈಯನ್ನೇ ನಂಬುವುದಿಲ್ಲ ಅಂತ ನಿಮಗೆ ಗೊತ್ತಿತ್ತು" ಎಂದಳು. "ನೀವು ನೆಚ್ಚಿಕೊಂಡಿದ್ದು ಅದನ್ನೇ."

"ಎಕ್ಸ್, ಎಸ್ ಅಂತ ಎರಡಕ್ಷರಕ್ಕೆ ಕೋರ್ಟಲ್ಲಿ ಯಾರೂ ಬೆಲೆ ಕೊಡಲ್ಲ ಮೇಡಂ."

"ಕೊಡಲ್ಲ. ಅದಕ್ಕೇ ಮಣಿಕಂಡನ್ ನಿಮ್ಮ ಬ್ಯಾಟರಿ ಶೆಡ್ಡಿಗೆ ಹೋಗಿದ್ದಾನೆ."

ಫೋನ್ ಬಂದಾಗ ಇಂದ್ರಾಣಿ ಕೇಳಿಸಿಕೊಂಡು ಇಟ್ಟಳು. ಹಳೆಯ ಬ್ಯಾಟರಿಗಳ ಹಿಂದೆ, ಗೋಣಿಯ ಕೆಳಗೆ, ಗಂಧದ ತುಂಡುಗಳು ಸಿಕ್ಕಿದ್ದವು. ಆಸಿಡ್ ವಾಸನೆಯಲ್ಲಿ ಗಂಧ ತಿಳಿಯದು ಎಂದು ಅವನು ಎಣಿಸಿದ್ದ.

ಪ್ರವೀಣ್‌ಕುಮಾರ್ ಮತ್ತೆ ಕುರ್ಚಿಯಲ್ಲಿ ಕುಳಿತ. ಕೊಯಮತ್ತೂರಿನ ಕಾಲೇಜಿನಲ್ಲಿ ಈ ಎಡಿಟರ್ ಕಲಿತೆ ಎಂದ. ಕೊಯ್ದವರ ಹೆಸರು ಹೇಳಿದ. ಯಾರನ್ನೂ ಮುಟ್ಟಬಾರದು ಎಂದು ಅವರಿಗೆ ಹೇಳಿದ್ದೆ ಎಂದ.

"ನಾಗ ಒಳಗಿರಬೇಕಿತ್ತು. ಎಲ್ಲರೂ ಒಳಗಿದ್ದರು."

"ಆನೆ ಮರಕ್ಕೆ ಮೈ ಉಜ್ಜೀತು ಅಂತ ಅವ ಹೊರಗೆ ಬಂದಿರ್ತಾನೆ" ಎಂದ ಮಾದನ್.

*

ಸಾಕ್ಷ್ಯಕ್ಕೆಂದು ಒಯ್ದಿದ್ದ ಕೀಲಿಮಣೆಯನ್ನು ಹಿಂದಿರುಗಿಸಲು ಇಂದ್ರಾಣಿ ಒಂದು ಸಂಜೆ ಮಾವನಲ್ಲಕ್ಕೆ ಹೋದಳು. ಸಂಸ್ಥೆ ಹೊಸ ಯಂತ್ರ ಕೊಟ್ಟಿತ್ತು. ಸುನೀತಾ ಹೊಸ ಕೀಲಿಮಣೆ ಬಿಚ್ಚಿ ಹಳೆಯದನ್ನು ಜೋಡಿಸಿದಳು. ಎರಡು ಕೀಲಿಗಳು ಇನ್ನೂ ಅದಲುಬದಲಾಗಿಯೇ ಇವೆಯೇ ಎಂದು ಒತ್ತಿ ನೋಡಿದಳು. ಇದ್ದವು.

ಊರಿನವರು ಮಾತಾಡಿಸುತ್ತಾರಾ ಎಂದು ಇಂದ್ರಾಣಿ ಕೇಳಿದಳು. ಪಂಕಜಂ ಒಮ್ಮೆ ಬಂದು ಹೋದಳಂತೆ. ಇಬ್ಬರೂ ಏನೂ ಮಾತಾಡಲಿಲ್ಲವಂತೆ.

ಫೋನ್ ಹೊಡೆದುಕೊಂಡಿತು. ಮಾದನ್.

"ಅಕ್ಕಾ, ಒಂಟಿ ಸಲಗ. ಗುರುಮಲ್ಲಪ್ಪನ ಬಾಳೆ ಹಿಂದೆ."

ಸುನೀತಾಳ ಕೈ ಕೀಲಿಮಣೆಯ ಮೇಲೆ ಹೋಗಿ ನಿಂತಿತು. ಒತ್ತಲಿಲ್ಲ.

"ಮಾದನ್, ನೀನೇ ತಾನೆ ಫೋನ್ ಮಾಡಿರೋದು?"

"ನಾನೇ ಅಕ್ಕಾ."

"ಇನ್ನೊಂದು ಸಲ ಹೇಳು."

"ನಾನೇ, ಮಾದನ್. ಆನೆ ಬಂದಿದೆ."

ಅವಳು ಒತ್ತಿದಳು. ಕಿಟಕಿಯಾಚೆ, ಕೂಡುರಸ್ತೆಯಲ್ಲಿ ಕೆಂಪು ದೀಪ ಮಿನುಗಿತು. ಇಂದ್ರಾಣಿಯ ಜೇಬಿನಲ್ಲಿ ಫೋನ್ ಅದುರಿತು.

ಊರು ಸುಮ್ಮನಿತ್ತು. ಒಂದು ತಗಡೂ ಸದ್ದು ಮಾಡಲಿಲ್ಲ. ಬಾಗಿಲುಗಳಲ್ಲಿ ಜನ ನಿಂತು ದೀಪ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಸುನೀತಾ ಬೆರಳನ್ನು ಕೀಲಿಯಿಂದ ತೆಗೆದಿರಲಿಲ್ಲ. ಇಂದ್ರಾಣಿ ಜೀಪಿನ ಮೈಕಿಗಾಗಿ ಹೊರಗೆ ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಗುರುಮಲ್ಲಪ್ಪನ ಮನೆಯ ಬಾಗಿಲು ದಡಾರನೆ ಮುಚ್ಚಿತು. ಒಳಗಿನಿಂದ ಸರ್ವಮಂಗಳ ತಗಡು ಬಡಿಯತೊಡಗಿದಳು. ಮೊದಲು ಅವಳದೊಂದೇ ಸದ್ದು. ಆಮೇಲೆ ಪಕ್ಕದ ಮನೆ. ಆಮೇಲೆ ಹೊಲದ ಅಂಚಿನ ಗುಡಿಸಲು. ಆಮೇಲೆ ಊರೆಲ್ಲ.

ಸುನೀತಾ ಬೆರಳು ತೆಗೆದಳು.